ಸಾವಿರ ರೂಪಾಯಿಯ ಮಹ್ರ್

ನಮ್ಮ ದೊಡ್ಡಮ್ಮನ ನಿಕಾಹ್ ನಡೆದದ್ದು 1970ರಲ್ಲಿ. ಮಹ್ರ್ ಒಂದು ಸಾವಿರ ರೂಪಾಯಿ. ‘ಆಮೇಲೆ ಕೊಟ್ಟರಾಯಿತು’ ಎಂದು ಅದು ಹಾಗೆಯೇ ಉಳಿದುಬಿಟ್ಟಿತು. ದೊಡ್ಡಪ್ಪ ತೀರಿಕೊಂಡಾಗ, ಆಸ್ತಿ ಪಾಲಾಗುವ ಮೊದಲು ಸಾಲ ತೀರಬೇಕು, ಮಹ್ರ್ ಕೂಡ ಸಾಲವೇ ಎಂದು ಮಗ ಐನೂರರ ಎರಡು ನೋಟುಗಳನ್ನು ತಾಯಿಯ ಕೈಯಲ್ಲಿಟ್ಟ. ದೊಡ್ಡಮ್ಮ ಅದನ್ನು ತಿರುಗಿಸಿ ನೋಡಿ, “ಆಗ ಇದಕ್ಕೆ ಆರು ಪವನಿಗಿಂತ ಹೆಚ್ಚು ಬರುತ್ತಿತ್ತು ಮಗಾ” ಎಂದರು.

ಅವರ ಲೆಕ್ಕ ತಪ್ಪಿರಲಿಲ್ಲ. 1970ರಲ್ಲಿ ಹತ್ತು ಗ್ರಾಂ ಚಿನ್ನಕ್ಕೆ ಸುಮಾರು 184 ರೂಪಾಯಿ. 2025ರ ಏಪ್ರಿಲ್‌ನಲ್ಲಿ ಅದು ಒಂದು ಲಕ್ಷ ಮುಟ್ಟಿತು. ಆ ದರದಲ್ಲಿ ಸಾವಿರ ರೂಪಾಯಿಗೆ ಸಿಗುವುದು ನಾಲ್ಕೈದು ಅಕ್ಕಿಕಾಳಿನ ತೂಕದ ಚಿನ್ನ! ನೋಟಿನ ಮೇಲಿನ ಅಂಕಿ ಬದಲಾಗಿಲ್ಲ. ಹಾಗಾದರೆ ಹಣದ ಬೆಲೆ ಇರುವುದೆಲ್ಲಿ?

ಪ್ರವಾದಿ(ಸ)ರ ಕಾಲದ ಅರಬರು ರೋಮನ್ನರ ಚಿನ್ನದ ನಾಣ್ಯವನ್ನೂ ಪರ್ಶಿಯನ್ನರ ಬೆಳ್ಳಿಯ ನಾಣ್ಯವನ್ನೂ ಬಳಸುತ್ತಿದ್ದರು. ಮುಂದೆ ಖಲೀಫ ಅಬ್ದುಲ್ ಮಲಿಕ್ 4.25 ಗ್ರಾಂ ತೂಕದ ದೀನಾರ್ ಟಂಕಿಸಿದರು. ಅಲ್ಲಿ ಬೆಲೆ ಲೋಹದಲ್ಲೇ ಇತ್ತು. ಇಮಾಮ್ ಗಝ್ಝಾಲಿ ಹಣವನ್ನು ಕನ್ನಡಿಗೆ ಹೋಲಿಸಿದ್ದಾರೆ. ಅದಕ್ಕೆ ಸ್ವಂತ ಬಣ್ಣವಿಲ್ಲ, ಆದರೆ ಎಲ್ಲ ಬಣ್ಣಗಳನ್ನೂ ಅದು ತೋರಿಸುತ್ತದೆ.

ಈ ಕನ್ನಡಿ ಮಸುಕಾದರೆ ಏನಾಗುತ್ತದೆಂದು ಕಣ್ಣಾರೆ ಕಂಡವರು ಕೈರೋದ ಅಲ್ ಮಕ್ರೀಝಿ. ಅವರು ಇತಿಹಾಸಕಾರ ಮಾತ್ರವಲ್ಲ, ಆ ನಗರದ ಮಾರುಕಟ್ಟೆಯ ಮೇಲ್ವಿಚಾರಕರೂ ಆಗಿದ್ದರು. 15ನೇ ಶತಮಾನದ ಆರಂಭದಲ್ಲಿ ನೈಲ್ ನದಿ ಸರಿಯಾಗಿ ಉಕ್ಕಲಿಲ್ಲ, ಬರ ಬಂತು. ಆದರೆ ಬರೀ ನದಿಯನ್ನು ದೂರಿ ಅವರು ಸುಮ್ಮನಾಗಲಿಲ್ಲ. ಲಂಚ ಕೊಟ್ಟು ಹುದ್ದೆ ಹಿಡಿಯುವವರು, ಏರುತ್ತಿದ್ದ ಭೂಮಿಯ ಗೇಣಿ ಮತ್ತು ಬೆಳ್ಳಿಯ ಜಾಗದಲ್ಲಿ ತುಂಬಿಕೊಂಡ ತಾಮ್ರದ ‘ಫುಲೂಸ್’, ಈ ಮೂರೂ ಸೇರಿ ಜನರನ್ನು ಹಸಿವಿಗೆ ದೂಡಿದವು ಎಂದು ಬರೆದರು. ಸಾಮಾನುಗಳ ಬೆಲೆಯನ್ನು ತಾಮ್ರದಲ್ಲಿ ಎಣಿಸಿದರೆ ಆಕಾಶಕ್ಕೇರಿದಂತೆ ಕಾಣುತ್ತದೆ, ಚಿನ್ನ ಬೆಳ್ಳಿಯಲ್ಲಿ ಎಣಿಸಿದರೆ ಅಷ್ಟೇನೂ ಏರಿಲ್ಲ ಎಂಬುದು ಅವರ ವಾದ. ಹೆಚ್ಚು ನಲುಗಿದವರು ನಿಗದಿತ ಸಂಬಳ ನಂಬಿದ್ದವರು. ನಮ್ಮ ದೊಡ್ಡಮ್ಮನಂತೆ, ಅವರ ಕೈಗೆ ಬರುವ ಸಂಖ್ಯೆ ಅಷ್ಟೇ ಇತ್ತು.

ಹಾಗೆಂದು ಚಿನ್ನವೂ ಅಲುಗದ ಬಂಡೆಯಲ್ಲ. ಅದೇ ಕೈರೋಗೆ 1324ರಲ್ಲಿ ಹಜ್ಜ್‌ಗೆ ಹೊರಟ ಮಾಲಿಯ ದೊರೆ ಮನ್ಸಾ ಮೂಸಾ ಬಂದು ಧಾರಾಳವಾಗಿ ಹಂಚಿದಾಗ ಚಿನ್ನದ ಬೆಲೆಯೇ ಕುಸಿದಿತ್ತು. ಇನ್ನು ಮುಹಮ್ಮದ್ ಬಿನ್ ತುಘಲಕನ ತಾಮ್ರದ ನಾಣ್ಯಗಳ ಕಥೆ ಕಾರ್ನಾಡರ ನಾಟಕದಿಂದಾಗಿ ಕನ್ನಡಿಗರಿಗೆಲ್ಲ ಗೊತ್ತು.

ಇಂದಿನ ನೋಟಿನ ಹಿಂದೆ ಲೋಹದ ಆಸರೆಯಿಲ್ಲ. 1971ರಲ್ಲಿ ಅಮೆರಿಕವು ಡಾಲರಿಗೆ ಚಿನ್ನ ಕೊಡುವುದನ್ನು ನಿಲ್ಲಿಸಿದ ಮೇಲೆ ಜಗತ್ತಿನ ಹಣವೆಲ್ಲ ಸರಕಾರಗಳ ಮೇಲಿನ ನಂಬಿಕೆಯಿಂದಲೇ ನಡೆಯುತ್ತಿದೆ.

ಹಾಗಾದರೆ ಹಳೆಯ ಮಹ್ರನ್ನು ಎಣಿಸುವುದು ಹೇಗೆ? ಫುಲೂಸ್‌ನ ಬೆಲೆ ಬದಲಾದರೆ ಕರಾರಿನ ದಿನದ ಮೌಲ್ಯವನ್ನು ಕೊಡಬೇಕೆಂದು ಇಮಾಮ್ ಅಬೂ ಯೂಸುಫ್ ಅಭಿಪ್ರಾಯಪಟ್ಟಿದ್ದರು. 1988ರಲ್ಲಿ ಕುವೈತ್‌ನಲ್ಲಿ ಸೇರಿದ ಅಂತಾರಾಷ್ಟ್ರೀಯ ಫಿಕ್‌ಹ್ ಅಕಾಡೆಮಿ ಮಾತ್ರ, ಸಾಲ ಎಷ್ಟೋ ಅಷ್ಟೇ ಮರುಪಾವತಿ ಎಂದಿತು. ಇರಾನ್ 1997ರಲ್ಲಿ ಕಾನೂನನ್ನೇ ತಿದ್ದಿ, ಹಣದ ರೂಪದ ಮಹ್ರನ್ನು ಬೆಲೆಯೇರಿಕೆಗೆ ತಕ್ಕಂತೆ ಲೆಕ್ಕಹಾಕುವಂತೆ ಮಾಡಿತು. ಪಡೆಯಬೇಕಾದವಳ ಕಡೆಯಿಂದ ನೋಡಿದರೆ ಇರಾನಿನ ದಾರಿಯೇ ನ್ಯಾಯವೆನಿಸುತ್ತದೆ.

ಕಳೆದ ವರ್ಷ ದೊಡ್ಡಮ್ಮನ ಮೊಮ್ಮಗಳ ನಿಕಾಹ್ ನಡೆಯಿತು. ಮಹ್ರ್ ಎಷ್ಟು ಬರೆಯಲಿ ಎಂದು ಖಾಝಿಯವರು ಕೇಳಿದಾಗ ಒಳಗಿನಿಂದ ದೊಡ್ಡಮ್ಮ ಹೇಳಿ ಕಳುಹಿಸಿದರು: “ರೂಪಾಯಿ ಬೇಡ, ಪವನಿನಲ್ಲಿ ಬರೆಯಲಿ. ಇವತ್ತೇ ಕೊಡಲಿ.”