ಅಗ್ಗಿಷ್ಟಿಕೆಯ ಬೆಂಕಿ: ಎಷ್ಟು ಕಾವು ಹಿತ, ಎಷ್ಟು ಅಹಿತ?

ಅಕ್ಟೋಬರ್ ಬಂದು ಎಲೆಗಳು ಉದುರತೊಡಗಿದುವೆಂದರೆ ನಮ್ಮ ಕೂಟದ ಸದಸ್ಯರ ಮನೆಗಳಲ್ಲಿ ಸೌದೆಯ ಮಾತು ಶುರುವಾಗುತ್ತದೆ. ಯಾರು ಅಗ್ಗಕ್ಕೆ ಕೊಡುತ್ತಾರೆ, ಓಕ್ ಒಳ್ಳೆಯದೋ ಮೇಪಲ್ ಒಳ್ಳೆಯದೋ, ಚಿಮಣಿ ಗುಡಿಸುವವನನ್ನು ಈ ವರ್ಷವೂ ಕರೆಸಬೇಕೋ ಬೇಡವೋ. ಈ ಕೊನೆಯ ಪ್ರಶ್ನೆಗೆ ಬಹುಮಂದಿಯ ಉತ್ತರ ಒಂದೇ: "ಹೋದ ವರ್ಷ ದೊಡ್ಡ ಬೆಂಕಿ ಹಾಕಲೇ ಇಲ್ಲ, ಬರೀ ಸಣ್ಣಗೆ ಹೊಗೆಯಾಡುತ್ತಿತ್ತು. ಗುಡಿಸುವುದೇನು ಬಂತು?" ಈ ಲೇಖನ ಬರೆಯಲು ಆ ಉತ್ತರವೇ ಕಾರಣ.

ನಮ್ಮಲ್ಲಿ ಅನೇಕರು ಬಚ್ಚಲ ಹಂಡೆಯ ಒಲೆಗೆ ಸೌದೆ, ತೆಂಗಿನ ಮಟ್ಟೆ, ಕರಟ ತುರುಕಿ ಬೆಳೆದವರು. ಬೆಂಕಿ ಹಾಕುವುದನ್ನು ಅಮೆರಿಕದಲ್ಲಿ ಯಾರಿಂದಲೋ ಕಲಿಯಬೇಕೆಂದರೆ ನಗು ಬರುವುದು ಸಹಜ. ಆದರೆ ಊರಿನ ಒಲೆಗೂ ಇಲ್ಲಿನ ಅಗ್ಗಿಷ್ಟಿಕೆಗೂ ಒಂದು ದೊಡ್ಡ ವ್ಯತ್ಯಾಸವಿದೆ. ಅಲ್ಲಿ ಹೊಗೆ ಹೆಂಚಿನ ಸಂದಿಗಳಿಂದ ತನಗೆ ತೋಚಿದ ಹಾಗೆ ಹೊರಬೀಳುತ್ತಿತ್ತು. ಜಂತೆಯಿಂದ ಜೋತಾಡುವ ಇಲ್ಲಣವನ್ನು ಹಬ್ಬಕ್ಕೆ ಮುಂಚೆ ಉದ್ದ ಕೋಲಿನ ಪೊರಕೆಯಿಂದ ಕೆಡವುತ್ತಿದ್ದರು. ಕಣ್ಣಿಗೆ ಕಾಣುತ್ತಿತ್ತು, ಆದ್ದರಿಂದ ಕೆಡವುತ್ತಿದ್ದರು. ಇಲ್ಲಿ ಹೊಗೆಯೆಲ್ಲ ಗೋಡೆಯೊಳಗೆ ಅಡಗಿದ ಇಕ್ಕಟ್ಟಾದ ಕೊಳವೆಯ ಮೂಲಕ ಎರಡು ಅಂತಸ್ತು ಏರಬೇಕು. ಆ ಕೊಳವೆಯಲ್ಲಿ ನಡೆಯುವುದು ನಮಗೆ ಕಾಣುವುದಿಲ್ಲ.

ಬೆಂಕಿ ಅತಿಯಾದರೆ ಅಪಾಯ ಎಂಬುದು ಮಕ್ಕಳಿಗೂ ಗೊತ್ತು. ಕಡಮೆಯಾದರೂ ಅಪಾಯ ಎಂಬುದು ಮಾತ್ರ ಸುಲಭವಾಗಿ ಮನಸ್ಸಿಗೆ ಇಳಿಯುವುದಿಲ್ಲ. ಹೊಗೆಯೆಂದರೆ ನೀರಾವಿ ಮತ್ತು ಪೂರ್ತಿ ಉರಿಯದೆ ಉಳಿದ ಜಿಡ್ಡಿನ ಅನಿಲಗಳು. ಕೊಳವೆಯ ಒಳಮೈ ಸುಮಾರು 250 ಡಿಗ್ರಿ ಫ್ಯಾರನ್‌ಹೀಟ್‌ಗಿಂತ, ಅಂದರೆ 120 ಸೆಲ್ಸಿಯಸ್‌ಗಿಂತ, ತಣ್ಣಗಿದ್ದರೆ ಈ ಅನಿಲಗಳು ಅಲ್ಲೇ ಸಾಂದ್ರವಾಗಿ ಅಂಟಿಕೊಳ್ಳುತ್ತವೆ. ಇದೇ ಕ್ರಿಯೋಸೋಟ್. ಮೊದಲು ಮಸಿ, ಆಮೇಲೆ ಹಕ್ಕಳೆ, ಕೊನೆಗೆ ಅರಗು ಬಳಿದಂತೆ ಹೊಳೆಯುವ ಗಟ್ಟಿ ಕಪ್ಪು ಪದರ. ಅಷ್ಟು ದೂರ ಬಂದರೆ ಬ್ರಷ್ಷಿಗೂ ಜಗ್ಗುವುದಿಲ್ಲ. ಅದೂ ಒಂದು ಇಂಧನವೇ ಎಂಬುದನ್ನು ಮರೆಯಬಾರದು. ಸಣ್ಣಗೆ ಹೊಗೆಯಾಡಿಸಿದ ಪ್ರತಿ ಸಂಜೆಯೂ ಚಿಮಣಿಯೊಳಗೆ ಸ್ವಲ್ಪ ಸ್ವಲ್ಪ ಸೌದೆ ಒಟ್ಟಿದ ಹಾಗೆ.

ಮುಂದೆ ಯಾವುದೋ ದಿನ, ಬಹುಶಃ ಕ್ರಿಸ್‌ಮಸ್ ಉಡುಗೊರೆಗಳ ಬಣ್ಣದ ಕಾಗದವನ್ನೆಲ್ಲ ಒಟ್ಟಿಗೆ ಒಳಗೆ ತಳ್ಳಿದಾಗ, ಜ್ವಾಲೆ ಮೇಲಕ್ಕೆ ಹಾರಿ ಆ ಪದರಕ್ಕೆ ಹೊತ್ತಿಕೊಳ್ಳುತ್ತದೆ. ಆಗ ಚಿಮಣಿಯೊಳಗಿನ ಉಷ್ಣತೆ 2000 ಫ್ಯಾರನ್‌ಹೀಟ್‌ವರೆಗೆ, ಎಂದರೆ ಸುಮಾರು 1100 ಸೆಲ್ಸಿಯಸ್‌ಗೆ, ಏರಬಲ್ಲುದು. ಜೇಡಿಯ ಒಳಕೊಳವೆ ಬಿರುಕು ಬಿಡುತ್ತದೆ. ಬಿರುಕಿನಾಚೆ ಮನೆಯ ಮರದ ಚೌಕಟ್ಟು. ಇಂಥದ್ದನ್ನು ಕೇಳಿದವರು ರೈಲು ಮನೆಯೊಳಗೆ ನುಗ್ಗಿದಂತಿತ್ತು ಎನ್ನುತ್ತಾರೆ. ಆ ಸದ್ದು ಬಂದರೆ ಎಲ್ಲರೂ ಹೊರಗೆ, ಅಜ್ಜಿ ತಾತ ಮೊದಲು, ಆಮೇಲೆ 911. ನೀರು ಸುರಿಯಲು ಹೋಗಬೇಡಿ, ಕಾದ ಇಟ್ಟಿಗೆ ಸಿಡಿಯುತ್ತದೆ. ಒಂದೊಂದು ಸಲ ಇಂಥ ಬೆಂಕಿ ಸದ್ದಿಲ್ಲದೆಯೂ ಉರಿದು ಆರುತ್ತದೆ, ಮನೆಯವರಿಗೆ ತಿಳಿಯುವುದೇ ಇಲ್ಲ. ಇಲ್ಲಿನ ರಾಷ್ಟ್ರೀಯ ಅಗ್ನಿ ರಕ್ಷಣಾ ಸಂಘದ 211ನೆಯ ನಿಯಮಾವಳಿ ವರ್ಷಕ್ಕೊಮ್ಮೆ ಚಿಮಣಿ ಪರೀಕ್ಷಿಸಬೇಕೆನ್ನುವುದು ಸುಮ್ಮನಲ್ಲ.

ಹಾಗಾದರೆ ಸರಿಯಾದ ಕಾವು ಎಷ್ಟು? ಕಬ್ಬಿಣದ ಸ್ಟೋವ್ ಇರುವವರಿಗೆ ಉತ್ತರ ಸುಲಭ. ಅಯಸ್ಕಾಂತದಿಂದ ಅಂಟಿಕೊಳ್ಳುವ ಗುಂಡನೆಯ ಉಷ್ಣಮಾಪಕ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಸ್ಟೋವಿನಿಂದ ಸುಮಾರು 18 ಅಂಗುಲ ಮೇಲೆ, ಒಂದೇ ಪದರದ ಹೊಗೆಕೊಳವೆಯ ಮೇಲೆ ಅದನ್ನು ಕೂಡಿಸಬೇಕು. ಮುಳ್ಳು 250ರಿಂದ 475 ಫ್ಯಾರನ್‌ಹೀಟ್ ನಡುವೆ ಇದ್ದರೆ ಬೆಂಕಿ ಹದವಾಗಿದೆ. ಅದಕ್ಕಿಂತ ಕೆಳಗೇ ನಿಂತರೆ ಕ್ರಿಯೋಸೋಟ್ ಕಟ್ಟುತ್ತಿದೆ. ಮೇಲೇರುತ್ತಲೇ ಹೋದರೆ ಗಾಳಿಯ ಕಿಂಡಿಯನ್ನು ಸ್ವಲ್ಪ ಕಿರಿದು ಮಾಡಿ. ಇದು ಕೊಳವೆಯ ಹೊರಮೈಯ ಲೆಕ್ಕ. ಒಳಗಿನ ಹೊಗೆ ಸುಮಾರು ಇದರ ಎರಡರಷ್ಟು ಬಿಸಿ ಇರುತ್ತದೆ. ಎರಡು ಪದರದ ಕೊಳವೆಯಾದರೆ ಹೊರಮೈ ನೋಡಿ ಪ್ರಯೋಜನವಿಲ್ಲ, ಒಳಗೆ ಚುಚ್ಚುವ ಮಾಪಕವೇ ಬೇಕು.

ತೆರೆದ ಇಟ್ಟಿಗೆಯ ಅಗ್ಗಿಷ್ಟಿಕೆಗೆ ಮಾಪಕ ಅಂಟಿಸಲು ಜಾಗವಿಲ್ಲ. ಅಲ್ಲಿ ಕಣ್ಣೂ ಕೈಯೂ ಮಾಪಕ. ಬೆಂಕಿ ಹಿಡಿದು ಅರ್ಧ ಗಂಟೆಯಾದ ಮೇಲೆ ಅಂಗಳಕ್ಕೆ ಹೋಗಿ ಚಿಮಣಿಯ ತುದಿ ನೋಡಿ. ಹೊಗೆ ಹೆಚ್ಚುಕಡಮೆ ಕಾಣಬಾರದು. ದಟ್ಟವಾಗಿ ಬೂದುಬಣ್ಣದಲ್ಲಿ ಸುರುಳಿ ಬಿಡುತ್ತಿದ್ದರೆ ಉರಿ ಸಾಲದು. ಆಮೇಲೆ ಒಳಗೆ ಬಂದು ಅಗ್ಗಿಷ್ಟಿಕೆಯ ಮೇಲಿನ ಗೋಡೆಯ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ಚಿಂತೆಯಿಲ್ಲ, ಕೈ ಇಡಲಾಗದಷ್ಟು ಸುಡುತ್ತಿದ್ದರೆ ಬೆಂಕಿ ಆರಲು ಬಿಟ್ಟು ತಜ್ಞರನ್ನು ಕರೆಸಿ. ಮರ ಹೊತ್ತಿಕೊಳ್ಳಲು ಸಾಮಾನ್ಯವಾಗಿ 300 ಸೆಲ್ಸಿಯಸ್‌ನಷ್ಟು ಕಾವು ಬೇಕು ನಿಜ. ಆದರೆ ವರ್ಷಗಟ್ಟಲೆ ಕಾದು ಕಾದು ಒಳಗೇ ಇದ್ದಿಲಾದ ಮರ ಅದಕ್ಕಿಂತ ಬಹಳ ಕಡಮೆ ಕಾವಿನಲ್ಲೂ ಹೊತ್ತಿಕೊಳ್ಳಬಹುದು. ಹತ್ತು ವರ್ಷ ಏನೂ ಆಗಿಲ್ಲ ಎಂಬ ಧೈರ್ಯ ಇಲ್ಲಿ ಕೆಲಸಕ್ಕೆ ಬಾರದು. ಸೋಫಾ, ಪರದೆ, ಗೊಂಬೆ ಹಬ್ಬದ ಮೆಟ್ಟಿಲು ಎಲ್ಲ ಮೂರು ಅಡಿ ದೂರವಿರಲಿ.

ಕಾವು ಏರದಿರಲು ಮುಖ್ಯ ಕಾರಣ ಹಸಿ ಸೌದೆ. ಆಗತಾನೆ ಕಡಿದ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಒಂದು ಕಿಲೋ ನೀರನ್ನು ಆವಿ ಮಾಡಲು ಸುಮಾರು 540 ಕಿಲೋಕ್ಯಾಲರಿ ಶಾಖ ಬೇಕು; ನೀವು ದುಡ್ಡು ಕೊಟ್ಟು ತಂದ ಸೌದೆ ಮನೆ ಬೆಚ್ಚಗಿಡುವ ಬದಲು ತನ್ನ ನೀರನ್ನು ತಾನೇ ಕುದಿಸುತ್ತಾ ಕೂಡುತ್ತದೆ. ತೇವ ನೂರಕ್ಕೆ 20ಕ್ಕಿಂತ ಕಡಮೆ ಇರಬೇಕು. ಸೀಳಿ, ಮೇಲ್ಭಾಗ ಮಾತ್ರ ಮುಚ್ಚಿ, ಪಕ್ಕಕ್ಕೆ ಗಾಳಿಯಾಡಲು ಬಿಟ್ಟು ಕನಿಷ್ಠ ಆರು ತಿಂಗಳು ಒಣಗಿಸಿ. ಓಕ್ ಆದರೆ ಎರಡು ವರ್ಷ ಬೇಕಾದೀತು. ಎರಡು ಕೊರಡು ತಟ್ಟಿದರೆ ಒಣಗಿದ್ದು ಠಣ್ ಎನ್ನುತ್ತದೆ, ಹಸಿಯದು ದಬ್ ಎನ್ನುತ್ತದೆ. ಈ ಪರೀಕ್ಷೆ ನಮ್ಮ ಹಳ್ಳಿಯವರಿಗೆ ಹೊಸದಲ್ಲ.

1973ರ ತೈಲ ಬಿಕ್ಕಟ್ಟಿನ ತರುವಾಯ ಈ ದೇಶದ ಜನ ಮತ್ತೆ ಸೌದೆಗೆ ಮರಳಿ, ಗಾಳಿ ಹೊಗದ ಸ್ಟೋವುಗಳನ್ನು ಕೊಂಡು, ರಾತ್ರಿಯಿಡೀ ಬರಲೆಂದು ಕಿಂಡಿ ಮುಚ್ಚಿ ಮಲಗುತ್ತಿದ್ದರು. ಬೆಳಗಿನ ಕಾಫಿಗೆ ಬೆಂಕಿ ಉಳಿಯಲೆಂದು ನಮ್ಮಜ್ಜಿಯರು ಕೆಂಡದ ಮೇಲೆ ಬೂದಿ ಮುಚ್ಚುತ್ತಿದ್ದ ಹಾಗೆಯೇ ಇದೂ. ಅಜ್ಜಿಯ ಒಲೆಗೆ ಚಿಮಣಿ ಇರಲಿಲ್ಲ, ಬಚಾವು. ಇವರ ಚಿಮಣಿಗಳಲ್ಲಿ ಕ್ರಿಯೋಸೋಟ್ ಕಟ್ಟಿತು. ರಾತ್ರಿಗೆ ಬೇಕಾದರೆ ಕಂಬಳಿ ಹೊದೆಯಿರಿ. ಬೆಂಕಿಯನ್ನು ಚೆನ್ನಾಗಿ ಉರಿಸಿ, ಚೆನ್ನಾಗಿ ಆರಲು ಬಿಡಿ.

ಅಗ್ಗಿಷ್ಟಿಕೆ ಪೂರ್ತಿ ಆರುವ ತನಕ ಡ್ಯಾಂಪರ್ ಮುಚ್ಚಬೇಡಿ. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗುವ ಕೋಣೆಗಳ ಬಳಿ ಅದರ ಅಲಾರಂ ಇರಲೇಬೇಕು. ಇನ್ನು ಬೂದಿ. ಒಳಗೆ ಅಡಗಿದ ಕೆಂಡ ಮೂರು ನಾಲ್ಕು ದಿನವೂ ಜೀವ ಹಿಡಿದಿರುತ್ತದೆ. ಕಾಗದದ ಚೀಲಕ್ಕೆ ತುಂಬಿ ಗ್ಯಾರೇಜಿನಲ್ಲಿಡಬೇಡಿ. ಮುಚ್ಚಳವಿರುವ ತಗಡಿನ ಡಬ್ಬಿಗೆ ಹಾಕಿ, ಮರದ ಡೆಕ್ ಮೇಲಲ್ಲ, ಮನೆಯಿಂದ ಹತ್ತು ಅಡಿ ಆಚೆ ನೆಲದ ಮೇಲಿಡಿ. ಪೂರ್ತಿ ತಣ್ಣಗಾದ ಮೇಲೆ ವಸಂತದಲ್ಲಿ ತರಕಾರಿ ಪಾತಿಗೆ ತೆಳುವಾಗಿ ಎರಚಬಹುದು, ನಿಮ್ಮ ಮಣ್ಣಿನಲ್ಲಿ ಹುಳಿ ಹೆಚ್ಚಿದ್ದರೆ ಮಾತ್ರ.