ಕಡಲಪಾಚಿ: ಸೊಪ್ಪಿನಂತಲ್ಲ, ಉಪ್ಪಿನಂತೆ

ಸುಶಿ ಸುತ್ತುವ ನೋರಿ ಎಂಬ ಪಾಚಿ ಹಾಳೆಯನ್ನು ಬೆಳಕಿಗೆ ಹಿಡಿದರೆ ಕಪ್ಪಾಗಿ ಕಂಡದ್ದು ಹಸಿರಾಗುತ್ತದೆ. ಕಾಗದದಂಥ ಈ ಹಾಳೆಯ ತೂಕ ಸುಮಾರು 3 ಗ್ರಾಂ. ಒಣಗಿದ ನೋರಿಯಲ್ಲಿ ಮೂರನೇ ಒಂದು ಪಾಲು ಪ್ರೋಟೀನ್ ಎನ್ನುವುದು ನಿಜ. ಆದರೆ ಒಂದು ಹಾಳೆಯಿಂದ ದೊರೆಯುವುದು ಒಂದೇ ಗ್ರಾಂ. ಒಂದು ಕೋಳಿಮೊಟ್ಟೆಯಲ್ಲಿ ಅದರ ಆರು ಪಟ್ಟು ಇರುತ್ತದೆ. ಪ್ರೋಟೀನಿಗೆ ಬೇಳೆಕಾಳನ್ನೇ ನಂಬಿ.

ಕಡಲಪಾಚಿಯ ನಿಜವಾದ ಬಲ ಅಯೋಡಿನ್. ಥೈರಾಯ್ಡ್ ಗ್ರಂಥಿ ಹಾರ್ಮೋನು ತಯಾರಿಸಲು ಇದು ಬೇಕೇ ಬೇಕು, ಕೊರತೆಯಾದರೆ ಗಳಗಂಡ. ವಯಸ್ಕರಿಗೆ ದಿನಕ್ಕೆ 150 ಮೈಕ್ರೋಗ್ರಾಂ ಸಾಕು. ಪಾಚಿಗಳು ಕಡಲ ನೀರಿನಿಂದ ಅಯೋಡಿನ್ ಹೀರಿ ಕೂಡಿಡುತ್ತವೆ, ಆದರೆ ಎಲ್ಲವೂ ಒಂದೇ ಪ್ರಮಾಣದಲ್ಲಲ್ಲ. ನೋರಿಯಲ್ಲಿ ಅದು ಮಿತವಾಗಿದೆ. ಕೊಂಬು ಎಂಬ ಕಂದು ಪಾಚಿಯ ಒಂದೇ ಗ್ರಾಂನಲ್ಲಿ 2000 ಮೈಕ್ರೋಗ್ರಾಂ ಮೀರುವುದುಂಟು. ಅತಿಯಾದರೂ ಥೈರಾಯ್ಡ್ ಕೆಡುತ್ತದೆ.

ಒಣ ಕೊಂಬುವಿನ ಮೇಲೆ ಬಿಳಿ ಪುಡಿ ಕಂಡರೆ ಬೂಷ್ಟು ಎಂದು ತೊಳೆಯಬೇಡಿ. ಅದು ಹೆಚ್ಚಾಗಿ ಮ್ಯಾನಿಟಾಲ್ ಎಂಬ ಸಿಹಿ ಅಂಶ. ಜಪಾನಿನ ಅಡುಗೆಯವರು ಒದ್ದೆ ಬಟ್ಟೆಯಲ್ಲಿ ಧೂಳನ್ನಷ್ಟೇ ಒರೆಸಿ, ಸಾರಿಗೆಂದು ನೀರಿನಲ್ಲಿ ನೆನೆಸಿ ಕಾಯಿಸಿ, ಕುದಿ ಬರುವ ಮುಂಚೆಯೇ ತೆಗೆದುಬಿಡುತ್ತಾರೆ. ಈ ಸಾರಿನ ರುಚಿಯ ಮೂಲ ಗ್ಲುಟಮೇಟ್ ಎಂದು ರಸಾಯನಶಾಸ್ತ್ರಜ್ಞ ಕಿಕುನೆ ಇಕೆಡ 1908ರಲ್ಲಿ ಗುರುತಿಸಿ, ಆ ರುಚಿಗೆ ಉಮಾಮಿ ಎಂದು ಹೆಸರಿಟ್ಟರು. ನೆನಪಿರಲಿ: ಅಯೋಡಿನ್ ನೀರಿಗಿಳಿಯುತ್ತದೆ. ಕೊಂಬು ಕುದಿಸಿದ ನೀರು ಚೆಲ್ಲಿದರೆ ಅದು ತಗ್ಗುತ್ತದೆ, ಸಾರಾಗಿ ಕುಡಿದರೆ ಹೊಟ್ಟೆಗೇ ಸೇರುತ್ತದೆ.

ಇನ್ನೊಂದು ಕೊಡುಗೆ ನಾರು. ನಮ್ಮ ಅಡುಗೆಮನೆಗಳಿಗೆ ಅದು ಚೀನಾ ಗ್ರಾಸ್ ಆಗಿ ಬಂದು ಎಷ್ಟೋ ಕಾಲವಾಯಿತು. ಕೆಂಪು ಪಾಚಿಯಿಂದ ತೆಗೆದ ಈ ಅಗರ್ ಬಿಸಿನೀರಿನಲ್ಲಿ ಕರಗಿ, ಆರಿದಾಗ ಹೆಪ್ಪುಗಟ್ಟುತ್ತದೆ. ನಮ್ಮ ಜೀರ್ಣರಸಗಳಿಗೆ ಅದು ಜಗ್ಗುವುದಿಲ್ಲ. ಹಾಗಾಗಿ ಕ್ಯಾಲರಿ ಅತ್ಯಲ್ಪ. ಅದರಿಂದ ಮಾಡಿದ ಪುಡ್ಡಿಂಗಿನ ಕ್ಯಾಲರಿಯೆಲ್ಲ ಹಾಲು, ಸಕ್ಕರೆಯದು.

ಕೊಳ್ಳುವಾಗ ಪೊಟ್ಟಣದ ಮೇಲೆ ಬರೀ ‘ಕಡಲಪಾಚಿ’ ಎಂದಿದ್ದರೆ ಸಾಲದು, ಯಾವ ಜಾತಿಯದೆಂದು ನೋಡಿ. ಹಿಜಿಕಿ ಎಂಬ ಪಾಚಿ ಬೇಡ, ಅದರಲ್ಲಿ ಅಜೈವಿಕ ಆರ್ಸೆನಿಕ್ ಹೆಚ್ಚು. ಥೈರಾಯ್ಡ್ ತೊಂದರೆಯುಳ್ಳವರು, ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ವೈದ್ಯರನ್ನು ಕೇಳಿಯೇ ತಿನ್ನಬೇಕು. ಮಿಕ್ಕವರಿಗೆ ಆಗೊಮ್ಮೆ ಈಗೊಮ್ಮೆ ಒಂದೆರಡು ನೋರಿ ಹಾಳೆ ಚೆನ್ನ. ಕೊಂಬು ಮಾತ್ರ ದಿನವೂ ಬೇಡ. ಹಾಕಿದಾಗಲೂ ಉಪ್ಪು ಹಾಕುವ ಕೈಯಷ್ಟೇ ಬಿಗಿಯಾಗಿರಲಿ.