ಹಿಮಕ್ಕೂ ಹೆದರದ ತಾಳೆ

ಮಕ್ಕಳೇ, ನಮ್ಮ ತೆಂಗಿನ ಮರ ಹಿಮ ಸುರಿಯುವ ಊರಿನಲ್ಲಿ ಬದುಕದು. ಆದರೆ ಅದರ ನೆಂಟನೊಬ್ಬನಿದ್ದಾನೆ. ಇಂಗ್ಲೆಂಡಿನ ಚಳಿಯಲ್ಲೂ ಬಯಲಲ್ಲೇ ಬೆಳೆಯುತ್ತಾನೆ. ಅವನೇ ಚೂಸಾನ್ ತಾಳೆ.

ಇದರ ತವರು ಚೀನಾ. 1849ರಲ್ಲಿ ಇದರ ಗಿಡಗಳನ್ನು ಇಂಗ್ಲೆಂಡಿಗೆ ಕಳಿಸಿದವರು ರಾಬರ್ಟ್ ಫಾರ್ಚೂನ್. ಚೀನಾದಿಂದ ಚಹಾ ಗಿಡಗಳನ್ನು ಭಾರತಕ್ಕೆ ತಂದವರೂ ಇವರೇ!

ಬೀಸಣಿಗೆಯಂಥ ಎಲೆ, ಕಂದು ನಾರು ಸುತ್ತಿದ ಕಾಂಡ. ಚೀನಾದ ರೈತರು ಈ ನಾರಿನಿಂದ ಹಗ್ಗ ಹೊಸೆಯುತ್ತಿದ್ದರು. ನಮ್ಮ ಮಲೆನಾಡಿನ ಗೊರಬಿನಂತೆ ಮಳೆಗೆ ಹೊದೆಯುವ ಹೊದಿಕೆಯನ್ನೂ ಮಾಡುತ್ತಿದ್ದರು.

ಚೆನ್ನಾಗಿ ಬೇರೂರಿದ ಮರ ಸೊನ್ನೆಗಿಂತ 10 ಡಿಗ್ರಿ ಕೆಳಗಿನ ಚಳಿಯನ್ನೂ ಕೆಲಕಾಲ ತಡೆಯಬಲ್ಲದು. ಎಳೆಯ ಗಿಡಕ್ಕೆ ಅಷ್ಟು ಶಕ್ತಿಯಿಲ್ಲ. ಮರಕ್ಕಿರುವುದು ಒಂದೇ ಸುಳಿ. ಅದರೊಳಗೆ ನೀರು ನಿಂತು ಹೆಪ್ಪುಗಟ್ಟಿದರೆ ಸುಳಿ ಕೊಳೆಯಬಹುದು. ಅದಕ್ಕೇ ತೋಟಗಾರರು ಕಡುಚಳಿಯಲ್ಲಿ ಎಲೆಗಳನ್ನು ಮೇಲಕ್ಕೆತ್ತಿ ಜುಟ್ಟಿನಂತೆ ಕಟ್ಟಿ, ಸುತ್ತ ಒಣಹುಲ್ಲು ಹೊದಿಸುತ್ತಾರೆ. ಚಳಿ ಇಳಿದೊಡನೆ ಬಿಚ್ಚಿ ಗಾಳಿಯಾಡಲು ಬಿಡುತ್ತಾರೆ.

ಎಲೆ ಒಣಗಿದರೆ ಇನ್ನೊಂದು ಬಂದೀತು. ಸುಳಿ ಹೋದರೆ ಮರವೇ ಹೋದಂತೆ. ತೆಂಗು, ಅಡಿಕೆ ಬೆಳೆದ ಅಜ್ಜನನ್ನು ಕೇಳಿ ನೋಡಿ. ಅವರೂ ಇದೇ ಮಾತು ಹೇಳುತ್ತಾರೆ.